ಕಪ್ಪು ಮೋಡ ಕಂಡ ತಕ್ಷಣ ಕೈಟ್ ಇಳಿಸಿ

ರಾಮೇಶ್ವರದಲ್ಲಿ ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟದ, ಅಂದರೆ ಕೈಟ್‌ನ, ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುವ ಆಟ) ಮಾಡುವಾಗ ದಿಢೀರ್ ಬಿರುಗಾಳಿ ಬಂದರೆ, ದಡದಲ್ಲಿ ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ಕಾಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಎಲ್ಲಕ್ಕಿಂತ ಜಾಸ್ತಿ ಅಪಾಯ ಅದೇ. 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಇದ್ದ ಗಾಳಿ ನೋಡನೋಡುತ್ತಲೇ 30 ದಾಟಬಹುದು. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ನೆತ್ತಿಯ ಮೇಲಿರುವ ಕೈಟ್ ಆಗ ನಿಮ್ಮನ್ನೇ ಮೇಲಕ್ಕೆತ್ತಿಬಿಡುತ್ತದೆ. ಬೀಳುವುದು ಮರಳಿನ ಮೇಲೋ ಕಲ್ಲಿನ ಮೇಲೋ, ಯಾರಿಗೆ ಗೊತ್ತು?

ಮೋಡದ ಅಡಿ ಕಪ್ಪಾಯಿತು, ಗಾಳಿ ಸುಮ್ನೆ ನಿಂತುಹೋಯಿತು, ಇಲ್ಲವೇ ತಣ್ಣಗಾಗಿ ದಿಕ್ಕು ಬದಲಿಸಿತು ಅಂದರೆ 'ಇನ್ನೊಂದೇ ರೌಂಡ್' ಅನ್ನುವ ಆಸೆ ಬಿಡಿ. ಕೈಟ್ ಇಳಿಸಿ, ಅದರೊಳಗೆ ತುಂಬಿದ ಗಾಳಿ ತೆಗೆದು, ಮೇಲೆ ಮರಳು ಹೇರಿ.

ನೀರಲ್ಲೇ ಸಿಕ್ಕಿಬಿದ್ದರೆ ಮೊದಲು ಬಾರ್ (ಕೈಟನ್ನು ನಿಯಂತ್ರಿಸುವ ಹಿಡಿ) ಬಿಡಿ. ಎಳೆತ ನಿಲ್ಲದಿದ್ದರೆ ಕ್ವಿಕ್ ರಿಲೀಸನ್ನು (ಕೈಟ್‌ನ ಎಳೆತವನ್ನು ತಕ್ಷಣ ಕಳಚುವ ಸುರಕ್ಷತಾ ಕೊಂಡಿ) ಮುಂದಕ್ಕೆ ತಳ್ಳಿ. ಕೈಟ್ ಒಂದೇ ದಾರದಲ್ಲಿ ಸೊರಗಿ ಬೀಳುತ್ತದೆ. ಆಗಲೂ ಎಳೆಯುತ್ತಿದ್ದರೆ ಮಾತ್ರ ಲೀಶ್ (ಕೈಟನ್ನು ನಿಮಗೆ ಕಟ್ಟಿರುವ ಸುರಕ್ಷತಾ ದಾರ) ಕಳಚಿ, ಕೈಟ್ ಹೋದರೆ ಹೋಗಲಿ. ದಡ ದೂರವಿದ್ದು ಎಳೆತ ನಿಂತಿದ್ದರೆ ಅದನ್ನು ಬಿಡಬೇಡಿ, ತೇಲಲು ಅದೇ ಆಸರೆ.

ನಾನಂತೂ ನೀರಿಗಿಳಿಯುವ ಮುಂಚೆ ಪ್ರತಿ ಸಲ ಕಣ್ಣು ಮುಚ್ಚಿ ಕ್ವಿಕ್ ರಿಲೀಸ್ ಒಮ್ಮೆ ತಳ್ಳಿ ನೋಡುತ್ತೇನೆ. ಮರಳು ಸೇರಿದರೆ ಅದು ಬಿಗಿಯಾಗಿಬಿಡುತ್ತದೆ. ಗುಡುಗು ಕೇಳಿಸಿತಾ? ಕೊನೆಯ ಗುಡುಗಿನ ನಂತರ 30 ನಿಮಿಷ ನೀರಿನ ಕಡೆ ತಲೆ ಹಾಕಬೇಡಿ.