ರೋಮಾನ್ಸ್ ಭಾಷೆಗಳ ಪದವಿ: ಸಾಲ ಮಾಡಿ ಓದಿದರೆ ಗಿಟ್ಟುತ್ತದೆಯೇ?

ಪ್ರಶ್ನೆ: ನನ್ನ ಮಗಳು ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಕಲಿಯುವ ಆಸೆಯಿಂದ ರೋಮಾನ್ಸ್ ಭಾಷೆಗಳ (ಲ್ಯಾಟಿನ್‌ನಿಂದ ಹುಟ್ಟಿದ ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್ ಮುಂತಾದವುಗಳ) ನಾಲ್ಕು ವರ್ಷದ ಪದವಿಗೆ ಸೇರಬೇಕೆಂದು ಹಟ ಹಿಡಿದಿದ್ದಾಳೆ. ಶುಲ್ಕದ ಬಹುಪಾಲನ್ನು ಶಿಕ್ಷಣ ಸಾಲದಿಂದಲೇ ಕಟ್ಟಬೇಕಾಗುತ್ತದೆ. ಇನ್ನೊಂದು ಭಾಷೆ ಬಂದವರಿಗೆ ಸಂಬಳ ಹೆಚ್ಚು ಎಂಬುದು ಅವಳ ವಾದ. ಈಗ ಅನುವಾದವನ್ನು ಯಂತ್ರವೇ ಮಾಡುತ್ತದೆ ಎಂಬುದು ಮನೆಯ ಉಳಿದವರ ವಾದ. ಹಣದ ದೃಷ್ಟಿಯಿಂದ ಮಾತ್ರ ನೋಡಿದರೆ ಈ ಪದವಿಗೆ ಬೆಲೆಯಿದೆಯೇ?

ಉತ್ತರ: ನಿಮ್ಮ ಮಗಳು ಹೇಳುವುದು ಸುಳ್ಳಲ್ಲ, ಆದರೆ ಅವಳು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿದ್ದಾಳೆ. ಅಮೆರಿಕದ ಪದವೀಧರರನ್ನು ಕುರಿತು ಅರ್ಥಶಾಸ್ತ್ರಜ್ಞರಾದ ಆಲ್ಬರ್ಟ್ ಸೈಜ್ ಮತ್ತು ಎಲೆನಾ ಜೊಯಿಡೊ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇನ್ನೊಂದು ಭಾಷೆಯನ್ನು ಮಾತನಾಡಬಲ್ಲವರ ಗಳಿಕೆ ಉಳಿದವರಿಗಿಂತ ಸುಮಾರು ಶೇ 2ರಿಂದ 3ರಷ್ಟು ಹೆಚ್ಚು. ಆದರೆ ಆ ಲೆಕ್ಕದಲ್ಲಿದ್ದವರು ಭಾಷಾ ಪದವೀಧರರು ಮಾತ್ರವಲ್ಲ, ಬೇರೆ ಬೇರೆ ವಿಷಯ ಓದಿ ಬೇರೆ ಬೇರೆ ಕೆಲಸ ಮಾಡುತ್ತಿದ್ದವರು. ಎಂಜಿನಿಯರನಿಗೆ ಆ ಹೆಚ್ಚಳ ಎಂಜಿನಿಯರನ ಸಂಬಳದ ಮೇಲೆ ಸಿಗುತ್ತದೆ, ಗುಮಾಸ್ತನಿಗೆ ಗುಮಾಸ್ತನ ಸಂಬಳದ ಮೇಲೆ. ಮೂಲ ಸಂಬಳವನ್ನು ನಿರ್ಧರಿಸುವುದು ಇನ್ನೊಂದು ವಿದ್ಯೆ. ಭಾಷೆ ಅದನ್ನು ತುಸು ಹಿಗ್ಗಿಸುತ್ತದೆ, ಅಷ್ಟೆ. ಅದೇ ಅಧ್ಯಯನದಲ್ಲಿ ಸ್ಪ್ಯಾನಿಷ್‌ನಿಂದ ಬರುವ ಲಾಭ ಜರ್ಮನ್‌ನಿಂದ ಬರುವುದಕ್ಕಿಂತ ಕಡಿಮೆಯಿತ್ತು. ಸ್ಪ್ಯಾನಿಷ್ ಮನೆಮಾತಾದವರೇ ಕೋಟಿಗಟ್ಟಲೆ ಇರುವ ದೇಶದಲ್ಲಿ ಅದನ್ನು ತರಗತಿಯಲ್ಲಿ ಕಲಿತವರಿಗೆ ಅಭಾವದ ಬೆಲೆ ಸಿಗುವುದು ಕಷ್ಟ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಲೆಕ್ಕವಿದೆ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯು ಇಂಗ್ಲಿಷ್ ಬಲ್ಲ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಭಾಷೆಗಳನ್ನು ಕೆಲಸಕ್ಕೆ ಸಾಕಾಗುವಷ್ಟು ಕಲಿಸಲು ಅಂದಾಜು 600ರಿಂದ 750 ಗಂಟೆಗಳ ಪಾಠ ಬೇಕೆನ್ನುತ್ತದೆ. ಅರಬ್ಬಿ, ಚೀನೀ, ಜಪಾನೀ ಭಾಷೆಗಳಿಗಾದರೆ 2,200 ಗಂಟೆ. ಇಂಗ್ಲಿಷ್ ಬಲ್ಲವರಿಗೆ ರೋಮಾನ್ಸ್ ಭಾಷೆಗಳು ಬೇಗ ಒಲಿಯುತ್ತವೆ, ಆದ್ದರಿಂದಲೇ ಅವುಗಳನ್ನು ಬಲ್ಲವರು ಬಹಳ ಜನರಿದ್ದಾರೆ. 700 ಗಂಟೆಗಳಲ್ಲಿ ಕೈಗೆಟುಕುವ ವಿದ್ಯೆಗೆ ನಾಲ್ಕು ವರ್ಷದ ಶುಲ್ಕವನ್ನೂ ಆ ನಾಲ್ಕು ವರ್ಷ ದುಡಿಯದೆ ಕಳೆದುಕೊಂಡ ಸಂಬಳವನ್ನೂ ತೆತ್ತರೆ, ಉಳಿದ ಗಂಟೆಗಳಲ್ಲಿ ಏನನ್ನು ಕಲಿತಳು ಎಂದು ಕೆಲಸ ಕೊಡುವವರು ಕೇಳಿಯೇ ಕೇಳುತ್ತಾರೆ.

ಒಂದು ಪದವನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷ್‌ನ ‘ಬಿಲಿಯನ್’ ಎಂದರೆ ನೂರು ಕೋಟಿ. ಅದರ ತದ್ರೂಪಿನಂತಿರುವ ಸ್ಪ್ಯಾನಿಷ್‌ನ ‘ಬಿಯೋನ್’ ಎಂದರೆ ಲಕ್ಷ ಕೋಟಿ. ಅದೇ ಮೂಲದ ಪದ ಪೋರ್ಚುಗಲ್‌ನಲ್ಲಿ ಲಕ್ಷ ಕೋಟಿಯಾದರೆ ಬ್ರೆಜಿಲ್‌ನಲ್ಲಿ ನೂರು ಕೋಟಿ. ಒಂದು ಹಣಕಾಸು ವರದಿಯಲ್ಲಿ ಇದನ್ನು ತಪ್ಪಾಗಿ ಓದಿದರೆ ಅಂಕಿ ಸಾವಿರ ಪಟ್ಟು ಏರುಪೇರಾಗುತ್ತದೆ. ಈ ತಪ್ಪನ್ನು ಹಿಡಿದ ಅನುವಾದಕಿಗೆ ಸಿಗುವುದು ಒಂದು ಪದದ ದರ, ಏಕೆಂದರೆ ಅವಳ ಕೂಲಿ ಪದಕ್ಕಿಷ್ಟು ಎಂದು ನಿಗದಿಯಾಗಿರುತ್ತದೆ. ಅದೇ ತಪ್ಪನ್ನು ಹಿಡಿದ ಲೆಕ್ಕಪರಿಶೋಧಕಿಗೆ ಮುಂದಿನ ವರ್ಷ ಇಡೀ ಬ್ರೆಜಿಲ್ ವಿಭಾಗವನ್ನೇ ಒಪ್ಪಿಸಿಯಾರು. ಇಬ್ಬರ ಭಾಷಾಜ್ಞಾನವೂ ಒಂದೇ, ಅದು ಯಾವ ವೃತ್ತಿಯ ಜೊತೆಗಿದೆ ಎಂಬುದು ಮಾತ್ರ ಬೇರೆ.

ಇನ್ನು ಯಂತ್ರದ ವಿಷಯ. ಅನುಭವಿ ಅನುವಾದಕರು ದಿನಕ್ಕೆ ಎರಡರಿಂದ ಮೂರು ಸಾವಿರ ಪದಗಳನ್ನು ಅನುವಾದಿಸುತ್ತಾರೆ ಎಂಬುದು ಆ ವೃತ್ತಿಯ ರೂಢಿಯ ಲೆಕ್ಕ. ಈಗ ಬಹಳಷ್ಟು ಕೆಲಸ ಯಂತ್ರದ ಕರಡನ್ನು ತಿದ್ದುವುದಾಗಿ ಮಾರ್ಪಟ್ಟಿದ್ದು, ಅದಕ್ಕೆ ಕೊಡುವ ದರವೂ ಇಳಿದಿದೆ. ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳ ಪಠ್ಯ ಅಪಾರವಾಗಿ ಲಭ್ಯವಿರುವುದರಿಂದ ಯಂತ್ರಗಳು ಇವುಗಳಲ್ಲೇ ಹೆಚ್ಚು ಪಳಗಿವೆ. ಈ ಹೊಡೆತ ಮೊದಲು ಬಿದ್ದದ್ದೂ ಇಲ್ಲಿಯೇ. ಆದರೆ ನ್ಯಾಯಾಲಯದಲ್ಲಿ, ಆಸ್ಪತ್ರೆಯಲ್ಲಿ ಎದುರು ನಿಂತು ಮಾತನ್ನು ದಾಟಿಸುವ ದುಭಾಷಿಯ ಕೆಲಸ ಹಾಗಲ್ಲ. ಅಲ್ಲಿ ತಪ್ಪಾದರೆ ಹೊಣೆ ಹೊರಲು ಒಬ್ಬ ಮನುಷ್ಯ ಬೇಕು, ಅದಕ್ಕೆ ಪ್ರತ್ಯೇಕ ತರಬೇತಿಯೂ ಪ್ರಮಾಣಪತ್ರವೂ ಬೇಕು. ಬರೀ ಭಾಷಾ ಪದವಿ ಅದನ್ನು ಕೊಡುವುದಿಲ್ಲ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಎರಡು, ಐರೋಪ್ಯ ಒಕ್ಕೂಟದ 24ರಲ್ಲಿ ಐದು ಈ ಕುಟುಂಬದವು ಎಂಬುದು ನಿಜ. ಆದರೆ ಇಂಥ ಸಂಸ್ಥೆಗಳ ಅನುವಾದಕರು ಸಾಮಾನ್ಯವಾಗಿ ಕಲಿತ ಭಾಷೆಯಿಂದ ತಮ್ಮ ಮುಖ್ಯ ಭಾಷೆಗೆ ಅನುವಾದಿಸುತ್ತಾರೆಯೇ ಹೊರತು ತಿರುಗಿ ಅಲ್ಲ. ಹಾಗಾಗಿ ಸ್ಪ್ಯಾನಿಷನ್ನು ಕಲಿತವಳಿಗೆ ಅಲ್ಲಿ ಸ್ಪ್ಯಾನಿಷ್‌ಗೆ ಅನುವಾದಿಸುವ ಕೆಲಸ ಸಿಗುವುದು ಕಷ್ಟ.

ಹಾಗಾದರೆ ಪದವಿಯಿಂದ ಏನೂ ದಕ್ಕುವುದಿಲ್ಲವೇ? ದಕ್ಕುತ್ತದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಹಳಗನ್ನಡದ ಪಾಲ್, ಪುಲಿ, ಪೂಗಳು ಹಾಲು, ಹುಲಿ, ಹೂವುಗಳಾದ ನಿಯಮ ಒಮ್ಮೆ ತಿಳಿದರೆ ನೂರಾರು ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವಲ್ಲ, ಇಲ್ಲಿಯೂ ಹಾಗೆಯೇ. ಲ್ಯಾಟಿನ್‌ನಲ್ಲಿ ಎಂಟಕ್ಕೆ ‘ಒಕ್ತೊ’. ಅದು ಇಟಾಲಿಯನ್‌ನಲ್ಲಿ ‘ಒತ್ತೊ’, ಸ್ಪ್ಯಾನಿಷ್‌ನಲ್ಲಿ ‘ಒಚೊ’, ಪೋರ್ಚುಗೀಸ್‌ನಲ್ಲಿ ‘ಒಯ್ತು’, ರೊಮೇನಿಯನ್‌ನಲ್ಲಿ ‘ಒಪ್ತ್’. ರಾತ್ರಿ ಎಂಬರ್ಥದ ಪದವೂ ಇದೇ ಜಾಡಿನಲ್ಲಿ ‘ನೊತ್ತೆ’, ‘ನೋಚೆ’, ‘ನೋಯ್ತೆ’, ‘ನ್ವಾಪ್ತೆ’ ಎಂದಾಗುತ್ತದೆ. ಈ ಜಾಡನ್ನು ಹಿಡಿದವಳಿಗೆ ಎರಡನೆಯ ಭಾಷೆ ಅರ್ಧ ಶ್ರಮಕ್ಕೆ ಬಂದೀತು. ಸ್ಪ್ಯಾನಿಷ್ ಮಾತ್ರ ಬಲ್ಲವರ ದೊಡ್ಡ ಗುಂಪಿನಿಂದ ಅವಳನ್ನು ಬೇರ್ಪಡಿಸುವುದೂ ಇದೇ. ಪೋರ್ಚುಗೀಸನ್ನು ಅವಳು ಜೊತೆಗೆ ಆರಿಸಿಕೊಂಡದ್ದು, ಈ ಕಾರಣಕ್ಕೆ, ಜಾಣತನವೆಂದೇ ನನಗನ್ನಿಸುತ್ತದೆ.

ಕಾಲೇಜು ಪ್ರಾಧ್ಯಾಪಕಿಯಾಗುವ ಯೋಚನೆಯಿದ್ದರೆ ಮಾತ್ರ ಎಚ್ಚರ ಬೇಕು. ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷೇತರ ಭಾಷಾ ತರಗತಿಗಳ ದಾಖಲಾತಿ 2016 ಮತ್ತು 2021ರ ನಡುವೆ ಶೇ 16.6ರಷ್ಟು ಕುಸಿದಿದೆ.

ನನ್ನ ಸಲಹೆ ಇದು. ಭಾಷೆಯ ಜೊತೆಗೆ ಲೆಕ್ಕಶಾಸ್ತ್ರ, ಶುಶ್ರೂಷೆ, ಕಾನೂನು, ದತ್ತಾಂಶ ವಿಶ್ಲೇಷಣೆ ಇವುಗಳಲ್ಲೊಂದನ್ನು ಸಮಾನ ಪ್ರಧಾನ ವಿಷಯವಾಗಿ ಓದಲು ಬಿಡುವ ಕಾಲೇಜನ್ನೇ ಹುಡುಕಿ. ಒಟ್ಟು ಸಾಲ ಮೊದಲ ವರ್ಷದ ನಿರೀಕ್ಷಿತ ಸಂಬಳವನ್ನು ಮೀರಬಾರದು ಎಂಬ ಹಳೆಯ ಅಳತೆಯನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಿ, ಆ ಸಂಬಳವನ್ನು ಊಹಿಸುವಾಗ ಭಾಷೆಯ ಹೆಸರಿನಲ್ಲಿ ಏನನ್ನೂ ಕೂಡಿಸಬೇಡಿ. ಯುರೋಪಿನ ಭಾಷಾಮಟ್ಟದ ಅಳತೆಪಟ್ಟಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳದ್ದು. ಭಾಷೆಯನ್ನೇ ನೆಚ್ಚಿದ ಕೆಲಸಗಳಿಗೆ ಸಾಮಾನ್ಯವಾಗಿ ಸಿ1 ಬೇಕು, ಆದರೆ ಬಿ2ರಲ್ಲೇ ನಿಂತುಬಿಡುವ ಪದವೀಧರರು ಅನೇಕರು. ನಿಮ್ಮ ಮಗಳು ಸೇರಬೇಕೆಂದಿರುವ ವಿಭಾಗದ ಕಳೆದ ತಂಡದಲ್ಲಿ ಎಷ್ಟು ಮಂದಿ ಸಿ1 ತಲುಪಿದರು ಎಂದು ಅವರನ್ನೇ ಕೇಳಿ. ಉತ್ತರದಲ್ಲಿ ಸಂಖ್ಯೆಯ ಬದಲು ಸಂಸ್ಕೃತಿ, ಪರಂಪರೆಗಳ ಮಾತು ಬಂದರೆ ಸಾಲದ ಅರ್ಜಿಗೆ ಸಹಿ ಹಾಕುವುದನ್ನು ಸ್ವಲ್ಪ ಮುಂದೂಡಿ.