ಅಗ್ರಿಮೆಂಟಿಗೆ ಅಪ್ಪನ ಸಹಿ ಬೇಕಾ?

ವಯಸ್ಸು 33, ಪಿಜಿ ಬಿಟ್ಟು ಬೆಂಗಳೂರಲ್ಲೇ ಒಬ್ಬರೇ ಮನೆ ಮಾಡಬೇಕು, ಆದರೆ ಓನರ್ ಅಪ್ಪನ ಸಹಿ ಕೇಳುತ್ತಿದ್ದಾರೆ, ಕೊಡಲೇಬೇಕಾ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಬೇಕಿಲ್ಲ. 18 ತುಂಬಿದವರು ಕರಾರಿಗೆ ತಾವೇ ಸಹಿ ಹಾಕಬಹುದು. ಆದರೆ ಓನರ್ ಮನೆ ಕೊಡಲ್ಲ ಅಂದರೆ ನಾವು ಜಗಳ ಆಡಿ ಪ್ರಯೋಜನ ಇಲ್ಲ, ಕಷ್ಟ ಇರೋದೇ ಅಲ್ಲಿ.

ನಾನು ವಿಜಯನಗರದಲ್ಲಿ ಹುಡುಕುವಾಗ ಒಬ್ಬ ಆಂಟಿ ಸಂಪು, ಸೋಲಾರ್, ಬಟ್ಟೆ ಒಣಹಾಕುವ ತಂತಿ ಎಲ್ಲಾ ತೋರಿಸಿದರು. ಕೊನೆಗೆ "ಯಜಮಾನ್ರು ಯಾವಾಗ ಬರ್ತಾರಮ್ಮ?" ಅಂದರು. ಮದುವೆ ಆಗಿಲ್ಲ ಅಂದೆ. ಮಾತಿಲ್ಲ, ಬಾಗಿಲಿಗೆ ಬೀಗ ಬಿತ್ತು. ಊರಲ್ಲಿ ಅಮ್ಮಂದೂ ಅದೇ ರಾಗ: ಮದುವೆ ಆದಮೇಲೆ ಹೇಗೂ ಮನೆ ಮಾಡ್ತೀಯಲ್ಲ!

ಅಪ್ಪನನ್ನು ಸಾಕ್ಷಿ ಅಂತ ಹಾಕಿಸಿ, ಸಾಕು. ಬಾಡಿಗೆದಾರ ಅಂತ ಮಾತ್ರ ಬೇಡ. ಆಮೇಲೆ ಕಾಗದದಲ್ಲಿ ಮನೆಯೂ ಅಡ್ವಾನ್ಸೂ ಅವರದ್ದೇ ಆಗುತ್ತದೆ. ಓನರಿಗೆ ಭರವಸೆ ಬೇಕು ಅಂದರೆ ಸಂಬಳದ ಸ್ಲಿಪ್, ಆಫೀಸ್ ಐಡಿ, ಪಿಜಿಯವರ ನಂಬರ್ ಕೊಡಿ.

ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಚೌಕಾಸಿ ಮಾಡಿ. 15,000 ಬಾಡಿಗೆಗೆ ಅದು ಒಂದೂವರೆ ಲಕ್ಷ, ಸುಮ್ನೆ ಅಲ್ಲ. ದುಡ್ಡು ನಿಮ್ಮ ಖಾತೆಯಿಂದಲೇ ಹೋಗಲಿ. ರಾತ್ರಿ ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ, ಸ್ನೇಹಿತರು ಬಂದು ಉಳಿಯಬಹುದಾ, ಇದೆಲ್ಲಾ ಟೋಕನ್ ಕೊಡುವ ಮೊದಲೇ ಕೇಳಿ. "ನಮ್ಮ ಮಗಳ ಥರ ನೋಡ್ಕೋತೀವಿ" ಅನ್ನುವವರ ಹತ್ತಿರ ಎರಡು ಸಲ ಕೇಳಿ.

ಹಾಂ, ಮನೆ ಸಿಕ್ಕಿದರೆ ಮೊದಲ ದಿನವೇ ಬೀಗ ಬದಲಾಯಿಸಿ. ಹಳೇ ಬಾಡಿಗೆಯವರ ಹತ್ತಿರ ಇನ್ನೊಂದು ಕೀ ಇದ್ದರೂ ಇರಬಹುದು.