ಪ್ರೊಸೆಸರ್ ಬಿಸಿಯಾದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಶುರುವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಪ್ರೊಸೆಸರ್ ಬಿಸಿಯಾಗುವುದರ ಬಗ್ಗೆಯೇ ಇರುವುದರಿಂದ, ಈ ಸಲದ ಪುಟವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ನಮ್ಮಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುವ ವಾಡಿಕೆಯಿದೆ. ಗೊಂದಲವಾಗದಿರಲೆಂದು ಇಲ್ಲಿ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ ಒಳಗಿನ ಚಿಪ್ಪನ್ನು ಪ್ರೊಸೆಸರ್ ಎಂದೂ ಅದರ ಮೇಲೆ ಕೂತು ಅದನ್ನು ತಂಪಾಗಿಸುವ ಭಾಗವನ್ನು ಕೂಲರ್ ಎಂದೂ ಕರೆದಿದ್ದೇನೆ.

ಪ್ರಶ್ನೆ: ಮಂಡ್ಯದ ಹತ್ತಿರದ ಹಳ್ಳಿಯಲ್ಲಿದ್ದುಕೊಂಡು ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ಎರಡು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-12400 ಇದೆ, ಕೂಲರ್ ಅದರ ಜೊತೆಗೇ ಬಂದದ್ದು. ಮೊದಲು 40 ನಿಮಿಷದಲ್ಲಿ ಮುಗಿಯುತ್ತಿದ್ದ ಎಕ್ಸ್‌ಪೋರ್ಟ್ ಈಗ ಒಂದು ಗಂಟೆ ದಾಟುತ್ತದೆ, ತಾಪಮಾನ 100 ಡಿಗ್ರಿ ತೋರಿಸುತ್ತದೆ. ಮನೆಯಿಂದ ಕೂಗಳತೆಯಲ್ಲಿ ಆಲೆಮನೆ ಇದೆ. ಪ್ರೊಸೆಸರ್ ಸುಟ್ಟುಹೋಗುತ್ತದೆಯೇ? ಅಂಗಡಿಯವರು ಹೇಳುವಂತೆ ಲಿಕ್ವಿಡ್ ಕೂಲರ್ ಹಾಕಿಸಬೇಕೇ?

ಉತ್ತರ: ಸುಟ್ಟುಹೋಗುವುದಿಲ್ಲ. ಈ ಪ್ರೊಸೆಸರ್‌ಗೆ ಇಂಟೆಲ್ ಗೊತ್ತುಪಡಿಸಿರುವ ಗರಿಷ್ಠ ತಾಪಮಾನವೇ 100 ಡಿಗ್ರಿ ಸೆಲ್ಸಿಯಸ್. ಆ ಮಟ್ಟ ಮುಟ್ಟಿದೊಡನೆ ಚಿಪ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನಾಗಿಯೇ ಇಳಿಸಿಕೊಳ್ಳುತ್ತದೆ; ಅಷ್ಟಾದರೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರ್ ಆರಿಹೋಗುತ್ತದೆ. ನಿಮ್ಮ ಎಕ್ಸ್‌ಪೋರ್ಟ್ ತಡವಾಗುತ್ತಿರುವುದು ಹೀಗೆ ವೇಗ ಇಳಿಯುತ್ತಿರುವುದರಿಂದಲೇ. ಹಣ ಕೊಟ್ಟು ಕೊಂಡ ವೇಗದಲ್ಲಿ ಒಂದು ಪಾಲು ದಿನವೂ ನಿಮ್ಮ ಕೈತಪ್ಪುತ್ತಿದೆ, ಚಿಂತಿಸಬೇಕಾದದ್ದು ಅದಕ್ಕೆ.

ಪಂಪಿನಿಂದ ದ್ರವ ಹರಿಸಿ ತಂಪಾಗಿಸುವ ಲಿಕ್ವಿಡ್ ಕೂಲರ್ ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಉತ್ತರದ ಸುಳಿವಿದೆ: ಇದೇ ಕೂಲರ್ ಇದೇ ಕೆಲಸವನ್ನು ಹೊಸದರಲ್ಲಿ 40 ನಿಮಿಷದಲ್ಲಿ ಮಾಡಿಸುತ್ತಿತ್ತು. ಅಂದ ಮೇಲೆ ಕೊರತೆ ಇರುವುದು ಕೂಲರ್‌ನ ಶಕ್ತಿಯಲ್ಲಲ್ಲ, ಶಾಖ ಹೊರಗೆ ಹೋಗುವ ದಾರಿಯಲ್ಲಿ. ಪ್ರೊಸೆಸರ್‌ನಲ್ಲಿ ಹುಟ್ಟಿದ ಶಾಖ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ದಾಟಿ ಕೂಲರ್‌ನ ತಳಕ್ಕೆ, ತಳದಿಂದ ತೆಳುವಾದ ಲೋಹದ ರೆಕ್ಕೆಗಳಿಗೆ, ರೆಕ್ಕೆಗಳಿಂದ ಗಾಳಿಗೆ, ಆ ಗಾಳಿಯೊಡನೆ ಕ್ಯಾಬಿನೆಟ್‌ನ ಹೊರಕ್ಕೆ, ಕೊನೆಗೆ ಕೋಣೆಯ ಹೊರಕ್ಕೆ ಹೋಗಬೇಕು. ಇದರಲ್ಲಿ ಒಂದು ಕಡೆ ಕಟ್ಟಿಕೊಂಡರೂ ಹಿಂದಿನದೆಲ್ಲ ಬಿಸಿಯಾಗುತ್ತದೆ, ನಾಲೆಯಲ್ಲಿ ಕಸ ಸಿಕ್ಕಿಕೊಂಡರೆ ಮೇಲಿನ ಗದ್ದೆಗೆ ನೀರು ನುಗ್ಗುವ ಹಾಗೆ.

ಆಲೆಮನೆಯ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಕಬ್ಬಿನ ಸಿಪ್ಪೆ ಉರಿದ ಬೂದಿ ಬಹಳ ಹಗುರ; ಅದರ ಜೊತೆ ಹೊಗೆಯ ಜಿಡ್ಡೂ ಸೇರುವುದರಿಂದ ಆ ದೂಳು ಸಾಮಾನ್ಯ ಮನೆಯ ದೂಳಿನಂತೆ ಉದುರುವುದಿಲ್ಲ, ಅಂಟಿಕೊಳ್ಳುತ್ತದೆ. ಪಾಂಡವಪುರದ ಕಡೆಯಿಂದ ನನ್ನ ಬಳಿಗೆ ಬಂದ ಒಂದು ಯಂತ್ರದಲ್ಲಿ ಹೊರಗಿನಿಂದ ನೋಡಿದರೆ ಫ್ಯಾನ್ ಚೊಕ್ಕವಾಗಿಯೇ ತಿರುಗುತ್ತಿತ್ತು. ಫ್ಯಾನ್ ಬಿಚ್ಚಿದಾಗ ಅಡಿಯಲ್ಲಿ ರೆಕ್ಕೆಗಳೇ ಕಾಣಲಿಲ್ಲ. ಬೂದು ಬಣ್ಣದ ಪದರವೊಂದು ಕಂಬಳಿಯ ಹಾಗೆ ಹೆಣೆದುಕೊಂಡು ಕೂತಿತ್ತು. ಚಿಮ್ಮಟದಿಂದ ಹಿಡಿದೆತ್ತಿದರೆ ಒಂದೇ ತುಂಡಾಗಿ, ಫ್ಯಾನಿನ ದುಂಡು ಆಕಾರದಲ್ಲಿಯೇ ಕಿತ್ತುಬಂತು. ಬೆಳಕಿಗೆ ಹಿಡಿದು ನೋಡಿದಾಗ ಕಬ್ಬಿನ ನಾರಿನ ಎಳೆಗಳು ಒಳಗೆ ಬಿಡಿಬಿಡಿಯಾಗಿ ಕಂಡವು. ಅಷ್ಟನ್ನು ತೆಗೆದದ್ದಕ್ಕೇ, ಬೇರೇನನ್ನೂ ಬದಲಿಸದೆ, ಅದೇ ಕೆಲಸದಲ್ಲಿ ತಾಪಮಾನ 100ರಿಂದ 78ಕ್ಕೆ ಇಳಿಯಿತು.

ಆದ್ದರಿಂದ ಮೊದಲ ಕೆಲಸ ಶುಚಿ ಮಾಡುವುದು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿಕೊಳ್ಳಿ. ಕ್ಯಾಬಿನೆಟ್ಟನ್ನು ಜಗುಲಿಗೆ ತಂದು, ಮೆತ್ತನೆಯ ಬ್ರಶ್ಶಿನಿಂದ ಸಡಿಲಿಸಿ, ಕೈ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಿದರೆ ತೇವ ಸೇರುತ್ತದೆ. ನಮ್ಮ ಕಡೆ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವವರು ಬಹಳ ಮಂದಿ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ: ಕಂಪ್ರೆಸರ್‌ನ ಟ್ಯಾಂಕಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಗಾಳಿಯ ಜೊತೆ ಅದೂ ಬೋರ್ಡಿನ ಮೇಲೆ ಚಿಮ್ಮುತ್ತದೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ಶುಚಿ ಮಾಡಿದರೆ ಸಾಕು. ಮುಂಭಾಗಕ್ಕೆ ತೊಳೆಯಲು ಬರುವ ಜಾಲರಿ ಹಾಕಿಸಿದರೆ ಈ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದಾಗಿ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ನೋಡಿ. ಸಾಗಾಟದಲ್ಲೋ ಶುಚಿ ಮಾಡುವಾಗಲೋ ಇವುಗಳಲ್ಲಿ ಒಂದು ಮೇಲೆದ್ದರೆ ಕೂಲರ್ ಒಂದು ಮಗ್ಗುಲಿಗೆ ವಾಲಿ, ತಳ ಪೂರ್ತಿ ಕೂರುವುದಿಲ್ಲ. ಆಗ ಭಾರವಾದ ಕೆಲಸ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಬಿಸಿ 100 ಮುಟ್ಟುತ್ತದೆ. ದೂಳಿನಿಂದಾದ ಬಿಸಿ ಹೀಗಲ್ಲ, ಅದು ನಿಧಾನವಾಗಿ ಕೆಲವು ನಿಮಿಷಗಳಲ್ಲಿ ಏರುತ್ತದೆ. ಈ ವ್ಯತ್ಯಾಸವೊಂದನ್ನು ಗಮನಿಸಿದರೆ ಅರ್ಧ ರೋಗ ಪತ್ತೆಯಾದಂತೆ. ಕಾಲುಗಳನ್ನು ಎದುರುಬದುರಾಗಿ, ಮೂಲೆಯಿಂದ ಮೂಲೆಗೆ ಒತ್ತಬೇಕು. ಸರಿಯಾಗಿ ಕೂತಾಗ ಟಕ್ ಎನ್ನುವ ಸದ್ದು ಕಿವಿಗೂ ಬೆರಳಿಗೂ ತಿಳಿಯುತ್ತದೆ.

ಇಷ್ಟಾದ ಮೇಲೂ ಬಿಸಿ 90ರ ಮೇಲೆಯೇ ನಿಂತರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಪರದೆ) ವಿದ್ಯುತ್ ಮಿತಿಯನ್ನು ನೋಡಿ. ಈ ಪ್ರೊಸೆಸರ್‌ನ ಮೂಲ ಬಳಕೆ 65 ವ್ಯಾಟ್, ಟರ್ಬೊದಲ್ಲಿ, ಅಂದರೆ ವೇಗವನ್ನು ತಾನಾಗಿಯೇ ಏರಿಸಿಕೊಂಡಾಗ, ಗರಿಷ್ಠ 117 ವ್ಯಾಟ್. ಕೆಲವು ಮದರ್‌ಬೋರ್ಡುಗಳು ಆ ಮೇಲಿನ ಮಿತಿಯನ್ನು ಹೊತ್ತುಗೊತ್ತಿಲ್ಲದೆ ಬಿಟ್ಟುಕೊಡುತ್ತವೆ. ಜೊತೆಗೆ ಬಂದ ಪುಟ್ಟ ಕೂಲರ್‌ಗೆ ಅದು ಹೊರೆ. ದೀರ್ಘಕಾಲದ ಮಿತಿಯನ್ನು 65 ವ್ಯಾಟ್‌ಗೆ ಇಟ್ಟರೆ ವೇಗ ತುಸು ತಗ್ಗಬಹುದು, ಆದರೆ ಏರಿಳಿತವಿಲ್ಲದೆ ಒಂದೇ ಸಮ ನಡೆಯುತ್ತದೆ. ದಿನಕ್ಕೆ ಆರೇಳು ಗಂಟೆ ಎಕ್ಸ್‌ಪೋರ್ಟ್ ಹಾಕುವವರಾದರೆ ನಾಲ್ಕು ತಾಮ್ರದ ಹೀಟ್‌ಪೈಪ್ (ಶಾಖ ಸಾಗಿಸುವ ಕೊಳವೆ) ಇರುವ ಗೋಪುರದಂಥ ಏರ್ ಕೂಲರ್ ಕೊಳ್ಳಿ. ಪಂಪ್ ಕೆಡುವ ಭಯ ಅದಕ್ಕಿಲ್ಲ, ಫ್ಯಾನ್ ಹೋದರೆ ಫ್ಯಾನ್ ಮಾತ್ರ ಬದಲಿಸಬಹುದು. ಹಳ್ಳಿಯಲ್ಲಿದ್ದು ದುಡಿಯುವ ಯಂತ್ರಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಮನೆಯ ಮೇಲಿನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ನನ್ನ ಎಎಂಡಿ ರೈಜನ್ 5 5600 ಪ್ರೊಸೆಸರ್ ಬೆಳಿಗ್ಗೆ 76 ಡಿಗ್ರಿಯಲ್ಲಿದ್ದರೆ ರಾತ್ರಿ 8ರ ಹೊತ್ತಿಗೆ ಅದೇ ಕೆಲಸಕ್ಕೆ 84 ತೋರಿಸುತ್ತದೆ. ಬಿಸಿಲು ಇಳಿದ ಮೇಲೆ ಹೆಚ್ಚಾಗುವುದೇಕೆ? ಪ್ರೊಸೆಸರ್ ದೋಷವೇ?

ಉತ್ತರ: ದೋಷ ಪ್ರೊಸೆಸರ್‌ನಲ್ಲಿಲ್ಲ, ನಿಮ್ಮ ತಲೆಯ ಮೇಲಿನ ಆರ್‌ಸಿಸಿ ಚಾವಣಿಯಲ್ಲಿದೆ. ಏಪ್ರಿಲ್‌ನಲ್ಲಿ ಮೈಸೂರಿನ ಹಗಲಿನ ಉಷ್ಣತೆ 34–35 ಡಿಗ್ರಿಯ ಆಸುಪಾಸು ಇರುತ್ತದೆ. ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟು ಸಂಜೆಯಿಂದ ಆ ಶಾಖವನ್ನು ಒಳಕ್ಕೆ ಬಿಡತೊಡಗುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಕಿಟಕಿ ಮುಚ್ಚಿದ ಕೋಣೆ ಒಲೆಯಂತಿರುತ್ತದೆ.

ಹತ್ತಿರದ ಮೆಡಿಕಲ್ ಅಥವಾ ಸ್ಟೇಷನರಿ ಅಂಗಡಿಯಲ್ಲಿ ಕೋಣೆಯ ಥರ್ಮಾಮೀಟರ್ ಒಂದನ್ನು ಕೊಂಡು ಕ್ಯಾಬಿನೆಟ್‌ನ ಮುಂದಿಡಿ. ಬೆಳಿಗ್ಗೆ ಕೋಣೆ 28 ಇದ್ದು ಪ್ರೊಸೆಸರ್ 76 ಇದ್ದರೆ ನಡುವಿನ ಅಂತರ 48. ರಾತ್ರಿ ಕೋಣೆ 36 ಇದ್ದು ಪ್ರೊಸೆಸರ್ 84 ಇದ್ದರೆ ಅಂತರ ಆಗಲೂ 48. ಕೋಣೆ ಎಷ್ಟು ಡಿಗ್ರಿ ಏರುತ್ತದೆಯೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೂಲರ್ ಗಾಳಿಯದಿರಲಿ ನೀರಿನದಿರಲಿ, ಪ್ರೊಸೆಸರನ್ನು ಕೋಣೆಗಿಂತ ತಂಪಾಗಿಸಲು ಅದರಿಂದ ಸಾಧ್ಯವಿಲ್ಲ. ಆದ್ದರಿಂದ ಬರಿಯ ತಾಪಮಾನವನ್ನು ಬರೆದಿಡುವುದಕ್ಕಿಂತ ಈ ಅಂತರವನ್ನು ಬರೆದಿಟ್ಟುಕೊಳ್ಳಿ. ಅಂತರ ಬೆಳೆದಾಗ ಮಾತ್ರ ದೂಳು, ಪೇಸ್ಟ್, ಫ್ಯಾನ್ ಇವುಗಳನ್ನು ಅನುಮಾನಿಸಿ. ಈ ಪ್ರೊಸೆಸರ್‌ಗೆ ಎಎಂಡಿ ಕೊಟ್ಟಿರುವ ಮಿತಿ 90 ಡಿಗ್ರಿ. 84 ಅದರೊಳಗೇ ಇದೆ, ಆದರೂ ನಡುವೆ ಉಳಿದಿರುವ ಜಾಗ ಕಿರಿದು.

ಸಂಜೆ 7ರ ಬಳಿಕ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಮನೆಯ ಮಾಲೀಕರು ಒಪ್ಪಿದರೆ ತಾರಸಿಗೆ ಸುಣ್ಣ ಬಳಿಸಿ. ಖರ್ಚು ಕಡಿಮೆ, ನಿದ್ದೆಗೂ ಒಳ್ಳೆಯದು. ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಗೂಡಿನಲ್ಲಿ ಇಟ್ಟಿದ್ದರೆ ಇಂದೇ ಹೊರಗೆ ತೆಗೆಯಿರಿ, ಏಕೆಂದರೆ ಅಲ್ಲಿ ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿಯನ್ನೇ ಅದು ಮುಂದಿನಿಂದ ಮತ್ತೆ ಎಳೆದುಕೊಳ್ಳುತ್ತದೆ. ಗಾಳಿಯ ದಿಕ್ಕು ತಿಳಿಯಲು ಊದುಬತ್ತಿ ಹಚ್ಚಿ ಮುಂದಿನ ಜಾಲರಿಯ ಹತ್ತಿರ ಕ್ಷಣಕಾಲ ಹಿಡಿಯಿರಿ: ಅಲ್ಲಿನ ಫ್ಯಾನ್ ಹೊಗೆಯನ್ನು ಒಳಕ್ಕೆ ಸೆಳೆದುಕೊಳ್ಳಬೇಕು, ಹಿಂಬದಿಯದು ಹೊರಕ್ಕೆ ತಳ್ಳಬೇಕು. ಮುಂದೆಯೂ ಹೊರಕ್ಕೆ ತಳ್ಳುತ್ತಿದ್ದರೆ ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದಾರೆ ಎಂದರ್ಥ. ಪಕ್ಕದ ಮುಚ್ಚಳ ತೆಗೆದೂ ಒಮ್ಮೆ ಪರೀಕ್ಷಿಸಿ. ತಾಪಮಾನ ಹತ್ತು ಡಿಗ್ರಿಯಷ್ಟು ಇಳಿದರೆ ಕ್ಯಾಬಿನೆಟ್‌ಗೆ ಉಸಿರು ಸಾಲದು, ಮುಂದೆ ಇನ್ನೊಂದು ಫ್ಯಾನ್ ಬೇಕು. ಒಂದೆರಡು ಡಿಗ್ರಿ ಇಳಿದರೆ ಕ್ಯಾಬಿನೆಟ್ ಸರಿಯಾಗಿದೆ. ಮುಚ್ಚಳವನ್ನು ತೆಗೆದೇ ಇಡುವುದು ಮಾತ್ರ ಬೇಡ, ಹಲ್ಲಿ ಇರುವೆಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ.

ಪ್ರಶ್ನೆ: ಮಳವಳ್ಳಿಯಿಂದ ಬರೆಯುತ್ತಿದ್ದೇನೆ. ನೀರು ತುಂಬಿಸುವ ಏರ್ ಕೂಲರನ್ನು ಕಂಪ್ಯೂಟರ್‌ಗೆ ಎದುರಾಗಿ ಇಡಬಹುದೇ?

ಉತ್ತರ: ಕೋಣೆಯಲ್ಲಿ ಇಡಬಹುದು, ಕ್ಯಾಬಿನೆಟ್‌ಗೆ ನೇರವಾಗಿ ಮುಖ ಮಾಡಿ ಇಡಬಾರದು. ತೇವದ ಗಾಳಿಯೊಡನೆ ಸಣ್ಣ ಹನಿಗಳೂ ಬರುತ್ತವೆ. ನಮ್ಮ ಬೋರ್‌ವೆಲ್ ನೀರಿನ ಲವಣ ಬೋರ್ಡಿನ ಮೇಲೆ ಬಿಳಿಯಾಗಿ ಉಳಿದುಕೊಂಡರೆ ನಿಧಾನವಾಗಿ ತುಕ್ಕಿಗೆ ದಾರಿಯಾಗುತ್ತದೆ.

ಪ್ರಶ್ನೆ: ಥರ್ಮಲ್ ಪೇಸ್ಟ್ ಸಿಗದಿದ್ದಾಗ ಟೂತ್‌ಪೇಸ್ಟ್ ಹಚ್ಚಬಹುದೆಂದು ಶ್ರೀರಂಗಪಟ್ಟಣದ ನನ್ನ ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಹಚ್ಚಿದ ದಿನ ಕೆಲಸ ಮಾಡಿದಂತೆ ಕಾಣುತ್ತದೆ, ಅದರಲ್ಲಿರುವ ನೀರು ಆರಿದ ಮೇಲೆ ಬಿರುಕು ಬಿಡುತ್ತದೆ. ಲೋಹದ ಎರಡು ಮೇಲ್ಮೈಗಳು ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಹಳ್ಳಗಳಿರುತ್ತವೆ, ಅವುಗಳಲ್ಲಿ ನಿಂತ ಗಾಳಿ ಶಾಖವನ್ನು ತಡೆಯುತ್ತದೆ. ಒಳ್ಳೆಯ ಪೇಸ್ಟ್ ಗಾಳಿಗಿಂತ ನೂರು ಪಟ್ಟಿಗೂ ಮಿಗಿಲಾಗಿ ಶಾಖವನ್ನು ದಾಟಿಸುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಕಡಲೆಬೇಳೆಯಷ್ಟು ಹೊಸದನ್ನು ನಡುವೆ ಇಟ್ಟು ಕೂಲರನ್ನು ನೇರವಾಗಿ ಒತ್ತಿ. ಹೊಸ ಕೂಲರ್ ಆದರೆ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿದ್ದೀರಾ ಎಂದು ನೋಡಿ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರದಲ್ಲಿಯೂ ಅದು ಹಾಗೇ ಉಳಿದಿದ್ದನ್ನು ಕಂಡಿದ್ದೇನೆ.

ಪ್ರಶ್ನೆ: ನಂಜನಗೂಡಿನವನು. ಪೇಸ್ಟ್ ಬದಲಿಸಲೆಂದು ರೈಜನ್ 5 3600ರ ಕೂಲರ್ ಎಳೆದಾಗ ಪ್ರೊಸೆಸರ್ರೂ ಸಾಕೆಟ್‌ನಿಂದ (ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗ) ಕಿತ್ತು ಅದರ ಜೊತೆಗೇ ಬಂತು. ಎರಡು ಪಿನ್ ಬಾಗಿವೆ. ಇನ್ನು ಇದು ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಪಿನ್ ಮುರಿಯದೆ ಬರೀ ಬಾಗಿದ್ದರೆ ಬಹುಮಟ್ಟಿಗೆ ಬರುತ್ತದೆ. ನಿಮ್ಮದರಂತೆ ಎಎಂ4 ಎಂಬ ಸಾಕೆಟ್‌ಗೆ ಕೂರುವ ಪ್ರೊಸೆಸರ್‌ಗಳ 1331 ಪಿನ್‌ಗಳು ಚಿಪ್ಪಿನ ತಳದಲ್ಲೇ ಇವೆ. ಸಾಕೆಟ್‌ನ ಸರಳು ಲಾಕ್ ಆಗಿದ್ದರೂ ಒಣಗಿದ ಪೇಸ್ಟ್‌ನ ಹಿಡಿತ ಅದಕ್ಕಿಂತ ಬಲವಾಗಿರಬಹುದು. ಮೊದಲು ಪ್ರೊಸೆಸರನ್ನು ಕೂಲರ್‌ನಿಂದ ಬಿಡಿಸಿ: ಪೇಸ್ಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಪಿನ್‌ಗಳನ್ನು ಮುಟ್ಟದೆ ಅಂಚು ಹಿಡಿದು ನಿಧಾನವಾಗಿ ತಿರುಚಿ. ಬಳಿಕ ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಕೊಳವೆಯನ್ನು ಪಿನ್ನಿಗೆ ತೊಡಿಸಿ ಸ್ವಲ್ಪಸ್ವಲ್ಪವಾಗಿ ಎತ್ತಿ. ಹಿಂದೆ ಮುಂದೆ ಹಲವು ಸಲ ಬಾಗಿಸಿದರೆ ಮುರಿಯುತ್ತದೆ. ಸಾಲು ನೇರವಾದ ಮೇಲೆ ಪ್ರೊಸೆಸರ್ ತನ್ನ ಭಾರಕ್ಕೇ ಸಾಕೆಟ್‌ನೊಳಗೆ ಇಳಿಯಬೇಕು, ಒತ್ತಬೇಕಾಗಿ ಬಂದರೆ ಯಾವುದೋ ಪಿನ್ ಇನ್ನೂ ಓರೆಯಾಗಿದೆ. ಮುಂದಿನ ಸಲ ಕೂಲರ್ ತೆಗೆಯುವ ಮುನ್ನ ಹತ್ತು ನಿಮಿಷ ಭಾರವಾದ ಕೆಲಸ ಕೊಟ್ಟು ಪೇಸ್ಟ್ ಬಿಸಿಯಾಗಿಸಿ, ಯಂತ್ರ ಆರಿಸಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಅದು ಜಾರತೊಡಗಿದ್ದು ಕೈಗೆ ತಿಳಿದ ಮೇಲಷ್ಟೇ ಮೇಲಕ್ಕೆತ್ತಿ.